ತೊಟ್ಟಿ ಮುಟ್ಟದ ಕೈ

"ತೋರಿಸೇ ಕೈ... ಎರಡೂ ಕೈ ತೋರಿಸು ಅಂದೆ!"

ಸೊಸೆ ಕೈಯೊರೆಸುವ ಬಟ್ಟೆಯನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒತ್ತಿ ನಿಂತಳು. ಬಟ್ಟೆಯಡಿಯಲ್ಲಿ ಅವಳ ಬೆರಳುಗಳು ಮುಷ್ಟಿ ಕಟ್ಟಿದ್ದವು. ಆದರೆ ಅತ್ತೆಯ ಕೈಯೆಂದರೆ ಒದ್ದೆ ನೂಲಿನ ಲಡಿಗಳನ್ನು ಹಿಂಡಿ ಹಿಂಡಿ ಇಕ್ಕಳವಾದ ಕೈ. ಹಿಡಿದದ್ದನ್ನು ಅದು ಬಿಡುವುದಿಲ್ಲ. ಬಟ್ಟೆ ನೆಲಕ್ಕೆ ಬಿತ್ತು. ಅತ್ತೆ ಅವಳನ್ನು ಕಿಟಕಿಯ ಬೆಳಕಿಗೆ ದರದರ ಎಳೆದು, ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿ ಅಂಗೈಯನ್ನು ಮೇಲಕ್ಕೆ ತಿರುಗಿಸಿದಳು.

ಅಂಗೈ ತುಂಬ ಚುಕ್ಕೆಗಳು! ಬೇಳೆಯಗಲದ, ಕಂದುಗೆಂಪು ಚುಕ್ಕೆಗಳು. ಮಳೆಗೆ ಬಿಟ್ಟ ಮೊಳೆ ಗೋಡೆಯ ಮೇಲೆ ತುಕ್ಕಿನ ಗುರುತು ಬಿಟ್ಟಂತೆ.

"ತೊಟ್ಟಿಗೆ ಕೈ ಹಾಕಿದೀಯ."

"ಇಲ್ಲ ಅತ್ತೆ, ಖಂಡಿತ ಇಲ್ಲ..."

"ಸುಳ್ಳು! ಹೊಟ್ಟೇಲಿ ಕೂಸಿಟ್ಕೊಂಡು ಸುಳ್ಳು ಹೇಳೋಕೆ ನಾಲಿಗೆ ಹೇಗೆ ಹೊರಳುತ್ತೇ ನಿನಗೆ? ಇದು ತೊಟ್ಟಿ ಕಜ್ಜಿ ಅಲ್ದೆ ಇನ್ನೇನು? ನಾನು ಈ ಮನೆಗೆ ಬಂದಾಗಿಂದ ಇದನ್ನೇ ನೋಡ್ಕೊಂಡು ಬಂದಿಲ್ವಾ? ಎರಡು ಕೂಸನ್ನ ಆ ತೊಟ್ಟಿಗೆ ಕೊಟ್ಟಿದೀನಿ ನಾನು. ಇನ್ನೊಂದನ್ನ ಕೊಡಲ್ಲ. ಕೇಳಿಸ್ತಾ? ಕೊಡಲ್ಲ!"

ಆ ಮನೆಯ ಕೆಳಗೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ, ಮೇಲೆ ವಾಸ. ಬೀದಿಗೆ ಇಳಿಯಬೇಕಾದರೂ ಕುದಿಯುವ ತೊಟ್ಟಿಗಳ ಸಾಲನ್ನು ದಾಟಿಯೇ ಹೋಗಬೇಕು. ಕೆಂಪು, ನೀಲಿ, ಕಪ್ಪು... ಹಬೆಯೊಳಗೆ ಕೋಲಿಗೆ ನೇತುಹಾಕಿದ ಲಡಿಗಳು ಮುಳುಗಿ ಏಳುತ್ತಿದ್ದವು. ಅಲ್ಲಿ ದುಡಿಯುವವರ ಕೈಗಳಿಗೆ ಸ್ವಂತ ಬಣ್ಣವೆಂಬುದು ಇರಲಿಲ್ಲ. ಒಮ್ಮೆ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಬಾಗಿಲಿಗೆ ಬಂದಿದ್ದನಂತೆ. ಕೋಲು ತಿರುವುವ ಮುದುಕ, ಎಲ್ಲರ ಬಾಯಲ್ಲಿ ಕೋಲಜ್ಜ, ತನ್ನ ಕೈ ಚಾಚಿದಾಗ, "ಇದರಲ್ಲಿ ರೇಖೆ ಎಲ್ಲಿದೆ ಸ್ವಾಮೀ, ಬರೀ ನೀಲಿ ಇದೆ" ಎಂದು ಆ ಭವಿಷ್ಯಗಾರ ಎದ್ದು ಹೋದನಂತೆ. ಇವತ್ತಿಗೂ ಕೋಲಜ್ಜ ಅದನ್ನು ಹೇಳಿಕೊಂಡು ನಗುತ್ತಾನೆ: "ನನಗೆ ಭವಿಷ್ಯಾನೇ ಇಲ್ಲ, ಬರೀ ನೀಲಿ!" ಹಾಗೆ ಬಣ್ಣ ಕುಡಿದ ಕೈಗಳ ಮೇಲೆ ಏನೇ ಎದ್ದರೂ ಹೆಸರು ಒಂದೇ. ಒಡೆದರೆ ತೊಟ್ಟಿ ಕಜ್ಜಿ, ಸುಲಿದರೆ ತೊಟ್ಟಿ ಕಜ್ಜಿ, ಗುಳ್ಳೆ ಎದ್ದರೆ ತೊಟ್ಟಿಯ ಸಿಡಿ. ಎಲ್ಲದಕ್ಕೂ ಮದ್ದು ಒಂದೇ: ಅಟ್ಟದ ಮೇಲಿನ ತಗಡಿನ ಡಬ್ಬಿಯ ಹಳದಿ ಮುಲಾಮು. ಈ ಮನೆಯಲ್ಲಿ ಯಾರೂ ಮೈಯನ್ನು ಓದಲು ಕಲಿತವರಲ್ಲ. ತೊಟ್ಟಿಯ ಮೇಲೆ ಹೊರಿಸಿ ಕೈ ಒರೆಸಿಕೊಳ್ಳಲು ಮಾತ್ರ ಕಲಿತವರು.

ಅತ್ತೆ ಸೊಸೆಯಾಗಿ ಬಂದ ಕಾಲದಲ್ಲಿ, ನೋವು ಏಳುವ ಗಳಿಗೆಯವರೆಗೂ ಅವಳನ್ನು ತೊಟ್ಟಿಯ ಮುಂದೆ ನಿಲ್ಲಿಸಿದ್ದರು. ಮೊದಲ ಕೂಸು ಹುಟ್ಟುವ ಮೊದಲೇ ತಣ್ಣಗಾಗಿತ್ತು. ಎರಡನೆಯದೂ ಹಾಗೆಯೇ. "ತೊಟ್ಟಿ ತಿಂತು" ಎಂದರು ಎಲ್ಲರೂ. ಅವಳೂ ಅದನ್ನೇ ನಂಬಿದಳು. ಮೂರನೆಯವನು, ಸೊಸೆಯ ಗಂಡ, ಉಳಿದ. ಅದಕ್ಕೇ ಸೊಸೆಗೆ ತಿಂಗಳು ನಿಂತಿತೆಂದು ಗೊತ್ತಾದ ದಿನವೇ ಅತ್ತೆ ಮೆಟ್ಟಿಲ ಬುಡದ ಗೇಟಿಗೆ ಬೀಗ ಜಡಿದು, ಬೀಗದ ಕೈಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಆಸ್ಪತ್ರೆಗೆ ಹೋಗುವಾಗ ಮಾತ್ರ ಬೀಗ ತೆರೆಯುತ್ತಿತ್ತು. ಆಗಲೂ ಅತ್ತೆ ಜೊತೆಗೇ. ಅದು ಅಕ್ಕರೆಯೋ ಸೆರೆಯೋ ಎಂದು ಸೊಸೆಗೆ ಎಂದೂ ತಿಳಿಯಲಿಲ್ಲ. ಅತ್ತೆಯ ಬಾಯಿಂದ ಬರುತ್ತಿದ್ದುದು ಬೈಗುಳ. ಕೈಯಿಂದ ಬರುತ್ತಿದ್ದುದು ಬಿಸಿ ಹಾಲು.

ಇವತ್ತೂ ಹಾಗೆಯೇ. ಬೈಯುತ್ತಲೇ ಅತ್ತೆ ಡಬ್ಬಿ ಇಳಿಸಿ ಮುಲಾಮು ಹಚ್ಚಿದಳು. "ಕೆರೀಬೇಡ, ಕೆರೆದ್ರೆ ಹರಡುತ್ತೆ."

ಸೊಸೆ ಅಂಗೈಯನ್ನು ಮತ್ತೆ ನೋಡಿಕೊಂಡಳು. ಕೆರೆಯುವುದೆ?... ಕೆರೆಯಬೇಕೆಂದೇ ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ! ಕೆಳಗಿನ ಆಳುಗಳು ತೊಟ್ಟಿ ಕಜ್ಜಿಯಾದಾಗ ಕಂಬಕ್ಕೆ ಕೈ ತಿಕ್ಕುತ್ತಾರೆ, ಉಗುರಿನಿಂದ ರಕ್ತ ಬರಿಸಿಕೊಳ್ಳುತ್ತಾರೆ. ಇದೋ ಕಡಿಯುತ್ತಿಲ್ಲ, ಉರಿಯುತ್ತಿಲ್ಲ, ನೋಯುತ್ತಿಲ್ಲ. ಸುಮ್ಮನೆ ಬಂದು ಕೂತಿದೆ, ಬಾಡಿಗೆ ಕೇಳದ ಬಾಡಿಗೆದಾರನ ಹಾಗೆ.

ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅವಳು ಪಾದವನ್ನು ಮೇಲಕ್ಕೆ ತಿರುಗಿಸಿ ನೋಡಿದಳು. ಅಂಗಾಲಿನಲ್ಲೂ ಅದೇ ಚುಕ್ಕೆಗಳು!

ಯಾರಾದರೂ ಕಾಲನ್ನು ತೊಟ್ಟಿಗೆ ಇಡುತ್ತಾರೆಯೆ?... ನೀರು ಸುರಿಯುತ್ತಲೇ ಇತ್ತು. ಅವಳು ನಲ್ಲಿ ನಿಲ್ಲಿಸುವುದನ್ನೂ ಮರೆತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒದ್ದೆ ನೆಲದಲ್ಲಿ ಕೂತುಬಿಟ್ಟಳು. ಒಳಗೆ ಕೂಸು ಒಮ್ಮೆ ಮಗ್ಗುಲಾಯಿತು. ಆ ಮಿಸುಕಾಟವೇ ಅವಳನ್ನು ಇನ್ನಷ್ಟು ಹೆದರಿಸಿತು.

ಗಂಡನಿಗೆ ಹೇಳೋಣವೆಂದರೆ ಅವನು ಎದುರು ನಿಲ್ಲುವುದನ್ನೇ ಬಿಟ್ಟಿದ್ದ. ಊರೂರಿನ ನೇಯ್ಗೆ ಗಿರಣಿಗಳಿಗೆ ನೂಲು ತಲುಪಿಸಿ ಬರುವ ಕೆಲಸ ಅವನದು. ತಿರುಗಿ ಬಂದ ಮೇಲೆ ತೊಟ್ಟಿಯ ಮೇಲುಸ್ತುವಾರಿ. ಇತ್ತೀಚೆಗೆ ಒಂದು ಹೊಸ ಶೋಕಿ ಅಂಟಿತ್ತು: ಮೊಣಕೈವರೆಗಿನ ರಬ್ಬರ್ ಗ್ಲೌಸು. ಗ್ಲೌಸು ಹಾಕುವವರನ್ನು "ಮದುಮಕ್ಕಳು" ಎಂದು ಹಂಗಿಸುತ್ತಿದ್ದವನೇ ಈಗ ಊಟದ ಹೊತ್ತು ಬಿಟ್ಟರೆ ಅದನ್ನು ತೆಗೆಯುತ್ತಿರಲಿಲ್ಲ. ಊಟವನ್ನೂ ಕಾರ್ಖಾನೆಯ ಮೂಲೆಯಲ್ಲೇ ಮುಗಿಸುತ್ತಿದ್ದ. "ಚಿಕ್ಕ ಯಜಮಾನ್ರು ಆಪರೇಷನ್ನಿಗೆ ಹೊರಟ ಹಾಗಿದೆ!" ಎಂದು ಕೋಲಜ್ಜ ನಗಾಡಿದಾಗ ಎಲ್ಲರೂ ನಕ್ಕಿದ್ದರು. ಅವನೊಬ್ಬ ನಕ್ಕಿರಲಿಲ್ಲ.

ಆಸ್ಪತ್ರೆಯ ತಪಾಸಣೆಯ ದಿನ ದೊಡ್ಡದೊಂದು ಆರ್ಡರು ಲಾರಿಗೆ ಏರಬೇಕಿತ್ತು. ಅತ್ತೆ ತೊಟ್ಟಿಯ ಬಳಿಯಿಂದ ಕದಲುವ ಹಾಗಿರಲಿಲ್ಲ. "ನೆಟ್ಟಗೆ ಹೋಗು, ನೆಟ್ಟಗೆ ಬಾ" ಎಂದು ಬೀಗ ತೆಗೆದುಕೊಟ್ಟಳು. ಅಂತೂ ಸೊಸೆ ಮೊದಲ ಬಾರಿ ಒಬ್ಬಳೇ ಆ ಉದ್ದನೆಯ ಬೆಂಚಿನ ಮೇಲೆ ಕೂತಿದ್ದಳು.

ಡಾಕ್ಟರಮ್ಮ ರಕ್ತದೊತ್ತಡ ನೋಡಲೆಂದು ಕೈ ಹಿಡಿದವರು ಹಾಗೆಯೇ ನಿಂತರು. ಅಂಗೈಯನ್ನು ದೀಪದ ಕೆಳಗೆ ತಂದರು.

"ಕಡಿತ ಇದೆಯಾ?"

"ಇಲ್ಲ ಡಾಕ್ಟ್ರೇ. ಅದೇ ಭಯ."

"ಪಾದದಲ್ಲಿ?"

ಅವಳು ಹೌದೆಂದು ತಲೆಯಾಡಿಸಿದಳು. ಡಾಕ್ಟರಮ್ಮ ಬಾಯಿ ತೆರೆಸಿ ನೋಡಿದರು, ಕಂಕುಳು ಮುಟ್ಟಿ ನೋಡಿದರು. "ಈಚೆಗೆ ಜ್ವರ ಬಂದಿತ್ತಾ? ಕೂದಲು ಉದುರ್ತಿದೆಯಾ?" ಎಂದರು. ಎಲ್ಲಕ್ಕೂ ಅವಳು ಹೌದೆಂದಳು.

"ಇದೇನು ಅಂತ ಮನೇಲಿ ಹೇಳಿದ್ರು?"

"ಬಣ್ಣದ ತೊಟ್ಟಿ ಕಜ್ಜಿ ಅಂತ... ಆದ್ರೆ ನಾನು ತೊಟ್ಟಿ ಮುಟ್ಟೇ ಇಲ್ಲ. ಅತ್ತೆ ಬೀಗ ಹಾಕಿದಾರೆ. ದೇವರಾಣೆ, ನಾನು ಮುಟ್ಟಿಲ್ಲ!"

"ಗೊತ್ತು. ನಾನು ನಂಬ್ತೀನಿ."

ಆ ಒಂದು ಮಾತಿಗೆ ಅವಳ ಕಣ್ಣು ತುಂಬಿ ಬಂತು. ಡಾಕ್ಟರಮ್ಮ ಪರದೆ ಎಳೆದು, ಗೋಡೆಯಿಂದ ಒಂದು ಚಿತ್ರಪಟದ ಕಟ್ಟನ್ನು ಇಳಿಸಿ ಅವಳ ಮಡಿಲ ಮೇಲೆ ಇಟ್ಟರು. "ನಾಚ್ಕೋಬೇಡಿ. ನೋಡ್ಲಿ ಅಂತಲೇ ತೆಗೆದ ಚಿತ್ರಗಳು. ನಿಮ್ಮ ಮೈಮೇಲೆ, ನಿಮ್ಮ ಯಜಮಾನರ ಮೈಮೇಲೆ, ಇಂಥದ್ದೇನಾದ್ರೂ ಕಂಡಿದೆಯಾ ಹೇಳಿ."

ಮೊದಲ ಹಾಳೆಯಲ್ಲಿ ಗುಂಪುಗುಂಪಾದ ನೀರುಗುಳ್ಳೆಗಳು. ಒಡೆದರೆ ಪ್ರಾಣ ಹೋಗುವಷ್ಟು ಉರಿಯುತ್ತವೆ, ಹೋಗಿ ಹೋಗಿ ಮತ್ತೆ ಬರುತ್ತವೆ ಎಂದರು ಡಾಕ್ಟರಮ್ಮ. ಅವಳು ಇಲ್ಲವೆಂದಳು. ಇನ್ನೊಂದರಲ್ಲಿ ಕೀವಿನಂಥ ಸ್ರಾವ. ಮೂತ್ರ ಮಾಡುವಾಗ ಉರಿ. ಇಲ್ಲ. ಮತ್ತೊಂದರಲ್ಲಿ ಹೂಕೋಸಿನ ಹಾಗೆ ಗೊಂಚಲುಗಟ್ಟಿದ ನರುಳ್ಳೆಗಳು. ಇಲ್ಲ, ಇಲ್ಲ... ಅವಳಿಗೆ ಉಸಿರು ಸ್ವಲ್ಪ ಸರಾಗವಾಯಿತು. ಹಾಗಾದರೆ ತನ್ನದು ಇಲ್ಲಿರುವ ಯಾವುದೂ ಅಲ್ಲವೇನೋ!

ಡಾಕ್ಟರಮ್ಮ ಮತ್ತೊಂದು ಹಾಳೆ ತಿರುವಿದರು.

ಒಂದೇ ಒಂದು ಹುಣ್ಣು. ದುಂಡಗೆ, ಅಂಚು ಗಟ್ಟಿಯಾಗಿ ಎದ್ದು, ನಡುವೆ ತೊಳೆದಿಟ್ಟಷ್ಟು ಚೊಕ್ಕ. ಕೋಟಿನ ಗುಂಡಿಯ ಹಾಗೆ.

ಅವಳ ಕೈಯಿಂದ ಕಟ್ಟು ಜಾರಿತು. ಆ ಗುಂಡಿಯನ್ನು ಅವಳು ಕಂಡಿದ್ದಳು! ಗಂಡ ಬಟ್ಟೆ ಬದಲಾಯಿಸುವಾಗ, ಸೊಂಟದ ಕೆಳಗೆ, ಯಾರಿಗೂ ತೋರಿಸದ ಜಾಗದಲ್ಲಿ. ಗಾಬರಿಯಾಗಿ ಕೇಳಿದ್ದಳು. "ತೊಟ್ಟಿಯ ಸಿಡಿ ಕಣೇ, ನೋವೇನೂ ಇಲ್ಲ" ಎಂದಿದ್ದ. ತೊಟ್ಟಿಯ ಸಿಡಿ ಬಿದ್ದ ಆಳುಗಳು ಕುಣಿದಾಡುವುದನ್ನು ದಿನವೂ ಕಾಣುವವಳು, ನೋವಿಲ್ಲದ ಸಿಡಿ ಎಲ್ಲಾದರೂ ಉಂಟೆ ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ! ತಾನೇ ಮುಲಾಮಿನ ಡಬ್ಬಿ ತಂದುಕೊಟ್ಟಿದ್ದಳು. ಸ್ವಲ್ಪ ಕಾಲಕ್ಕೆ ಗುಂಡಿ ಮಾಯವೂ ಆಗಿತ್ತು. ಮುಲಾಮು ಒಳ್ಳೆಯದು ಎಂದುಕೊಂಡಿದ್ದಳು...

"ಇದರ ಹೆಸರು ಸಿಫಿಲಿಸ್" ಎಂದರು ಡಾಕ್ಟರಮ್ಮ, ಅವಳ ಮುಖ ನೋಡಿಯೇ ಉತ್ತರ ತಿಳಿದವರಂತೆ. "ಈ ಹುಣ್ಣು ನೋಯಲ್ಲ, ಅದಕ್ಕೇ ಯಾರೂ ಹೆದರಲ್ಲ. ಔಷಧಿ ಇಲ್ದೆ ತಾನೇ ಮಾಯುತ್ತೆ. ವಾಸಿಯಾಯ್ತು ಅಂದ್ಕೋತಾರೆ. ಆದ್ರೆ ಅದು ರಕ್ತದಲ್ಲಿ ಅಡಗಿ ಕೂತಿರುತ್ತೆ. ಕೆಲವು ವಾರ, ಕೆಲವು ತಿಂಗಳು ಬಿಟ್ಟು ಹೀಗೆ ಅಂಗೈ, ಅಂಗಾಲಲ್ಲಿ ಎದ್ದು ಬರುತ್ತೆ. ಅದೂ ಹೋಗುತ್ತೆ. ಕಾಯಿಲೆ ಮಾತ್ರ ಹೋಗಲ್ಲ. ಹೆಂಗಸರಲ್ಲಿ ಮೊದಲ ಹುಣ್ಣು ಒಳಗೆಲ್ಲೋ ಆಗಿ ಕಣ್ಣಿಗೇ ಬೀಳಲ್ಲ. ಎಷ್ಟೋ ಜನಕ್ಕೆ ಯಾವ ಗುರುತೂ ಕಾಣಿಸಲ್ಲ. ಆದ್ದರಿಂದ ಬರೀ ಕಣ್ಣಲ್ಲಿ ನೋಡಿ ಇದೇ ಅಂತ ನಾನೂ ಹೇಳಲ್ಲ. ರಕ್ತ ಹೇಳಬೇಕು. ನಾಳೆ ಬೆಳಿಗ್ಗೆ ಗೊತ್ತಾಗುತ್ತೆ."

"ಕೂಸು?..." ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಸುಮ್ಮನೆ ಬಿಟ್ರೆ ಕೂಸಿಗೂ ದಾಟುತ್ತೆ. ಹೊಟ್ಟೇಲೇ ಹೋಗಬಹುದು. ಬದುಕಿ ಹುಟ್ಟಿದ್ರೂ ಕಣ್ಣು, ಕಿವಿ, ಮೂಳೆ... ಆದ್ರೆ ಅಳಬೇಡಿ, ಪೂರ್ತಿ ಕೇಳಿ. ಇದಕ್ಕೆ ಹಳೇ ಔಷಧಿ ಇದೆ, ಪೆನಿಸಿಲಿನ್. ಈಗಲೇ ಸೂಜಿ ಹಾಕಿದ್ರೆ ಹೆಚ್ಚುಕಡಿಮೆ ಎಲ್ಲ ಕೂಸುಗಳೂ ಉಳ್ಕೊಳ್ತವೆ. ತಡ ಮಾಡೋ ಹಾಗಿಲ್ಲ, ಅಷ್ಟೇ. ನಾಳೆ ಯಜಮಾನರನ್ನೂ ಕರ್ಕೊಂಡು ಬನ್ನಿ. ಅವರಿಗೂ ಹಾಕಬೇಕು. ಇಲ್ಲದಿದ್ರೆ ಮತ್ತೆ ನಿಮಗೇ ಬರುತ್ತೆ, ಕೂಸಿಗೂ ಬರುತ್ತೆ."

ದಾರಿಯುದ್ದಕ್ಕೂ ಅವಳು ಕೈಗಳನ್ನು ಚೀಲದೊಳಗೆ ಇಟ್ಟುಕೊಂಡೇ ನಡೆದಳು. ಎದುರು ಬಂದವರೆಲ್ಲ ತನ್ನ ಅಂಗೈಯನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಇದೆಂಥ ನ್ಯಾಯ! ಊರೂರು ತಿರುಗಿ ಕಾಯಿಲೆ ತಂದವನು ಎದೆ ಸೆಟೆಸಿಕೊಂಡು ಲಾರಿಗೆ ಲಡಿ ಏರಿಸುತ್ತಿದ್ದಾನೆ. ಮನೆಯೊಳಗೆ ಬೀಗದಲ್ಲಿದ್ದವಳು ಕಳ್ಳಿಯ ಹಾಗೆ ಕೈ ಬಚ್ಚಿಟ್ಟುಕೊಂಡು ಓಡುತ್ತಿದ್ದಾಳೆ! ಗಂಡಸಿನ ಮೈಮೇಲೆ ಎದ್ದರೆ ಅದು ಸಿಡಿ, ಕಜ್ಜಿ, ಸೆಕೆಗುಳ್ಳೆ. ಹೆಣ್ಣಿನ ಮೈಮೇಲೆ ಎದ್ದರೆ ಅದು ನಡತೆ!

ಸಂಜೆ ಗಂಡ ತಾರಸಿಯಲ್ಲಿ ಒಣಗಿದ ಲಡಿ ತೆಗೆಯುತ್ತಿದ್ದ. ಕೆಂಪು ನೂಲಿನ ಸಾಲುಗಳ ನಡುವೆ ಅವನ ಮುಖ ಕಾಣುತ್ತಿರಲಿಲ್ಲ. ಹಳದಿ ಗ್ಲೌಸು ಮಾತ್ರ ಕಾಣುತ್ತಿತ್ತು.

"ರೀ, ಡಾಕ್ಟ್ರು ನಾಳೆ ನಿಮ್ಮನ್ನೂ ಬರೋಕೆ ಹೇಳಿದ್ರು."

"ನನ್ನನ್ಯಾಕೆ? ಬಸುರಿ ನಾನಾ?"

"ನಗಬೇಡಿ... ಆ ಗ್ಲೌಸು ತೆಗೀರಿ."

ಲಡಿಗಳು ಅಲುಗಾಡುವುದನ್ನು ನಿಲ್ಲಿಸಿದವು. ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಚಿತ್ರ, ಗುಂಡಿ, ರಕ್ತ, ಕೂಸು. ಅವನು ನೂಲಿನ ಮರೆಯಿಂದ ಈಚೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ:

"ನೋಡೇ... ಅಷ್ಟಕ್ಕೆಲ್ಲ ಹೆದರಬೇಡ. ಅದು ತಾನಾಗೇ ಹೋಗುತ್ತೆ. ನನಗೂ ಹೋಯ್ತಲ್ಲ!"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಅಂದ್ರೆ... ನಿಮಗೆ ಗೊತ್ತಿತ್ತು!"

"ಹಾಗಲ್ಲ ಕಣೇ... ಒಂದು ಸಲ, ಹೊರಗಡೆ, ಗಿರಣಿಯವರ ಜೊತೆ... ತಪ್ಪಾಯ್ತು. ಅಮ್ಮನಿಗೆ ಮಾತ್ರ ಹೇಳಬೇಡ. ತೊಟ್ಟಿ ಮುಟ್ಟಿದೆ ಅಂತ ಒಪ್ಕೊಂಡುಬಿಡು. ಎರಡು ಬೈಗುಳ ತಾನೆ? ತಿಂದ್ರೆ ಮುಗೀತು."

ಎರಡು ಬೈಗುಳ ತಾನೆ! ಒಡಲಲ್ಲಿ ಒಂದು ಜೀವ ಬೇಯುತ್ತಿದೆ. ಇವನಿಗೆ ಅದು ಎರಡು ಬೈಗುಳದ ಸಂಗತಿ! ಅವಳಿಗೆ ಕಿರುಚಬೇಕೆನ್ನಿಸಿತು. ಆದರೆ ಭಯ ಕೋಪಕ್ಕಿಂತ ದೊಡ್ಡದಾಗಿತ್ತು. ಕೈ ಮುಗಿದಳು. "ನಿಮ್ಮನ್ನ ಏನೂ ಕೇಳಲ್ಲ, ಯಾರು, ಎಲ್ಲಿ, ಏನೂ ಕೇಳಲ್ಲ. ನಾಳೆ ಬೆಳಿಗ್ಗೆ ಬನ್ನಿ, ಸಾಕು. ಬರ್ತೀರಾ?... ಹೇಳ್ರೀ, ಬರ್ತೀರಾ?"

ಅವನು ಲಡಿಗಳನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ.

ಬೆಳಿಗ್ಗೆ ಅವಳು ಹೊರಡಲು ಸಿದ್ಧಳಾಗಿ ಕೋಣೆಯಿಂದ ಬಂದಾಗ ಹೊಸ್ತಿಲಲ್ಲಿ ಅತ್ತೆ ನಿಂತಿದ್ದಳು. ಕೈಯಲ್ಲಿ ಸೊಸೆಯ ಬಟ್ಟೆಯ ಪೆಟ್ಟಿಗೆ. ಕಣ್ಣು ಕೆಂಡವಾಗಿತ್ತು.

"ಯಾರದೇ ಅದು?"

"ಏನತ್ತೆ..."

"ನಾಟಕ ಬೇಡ! ನನ್ನ ಮಗ ಎಲ್ಲಾ ಹೇಳಿದ. ನಿನಗೆ ಹಾಳು ರೋಗ ಅಂತಲ್ಲ? ಎಲ್ಲಿಂದ ತಂದೆ? ಹೇಳೇ, ನನ್ನ ಕಣ್ಣಿಗೆ ಮಣ್ಣೆರಚಿ ಎಲ್ಲಿಂದ ತಂದೆ? ಈ ಹೊಟ್ಟೇಲಿರೋದಾದ್ರೂ ನಮ್ಮದೇನೇ?"

ಸೊಸೆ ಗಂಡನಿಗಾಗಿ ಅತ್ತೆಯ ಹಿಂದೆ ಕಣ್ಣಾಡಿಸಿದಳು. ರಾತ್ರಿಯೆಲ್ಲ ಯೋಚಿಸಿ ಅವನು ಕಂಡುಕೊಂಡ ದಾರಿ ಇದೇ? ತಾನು ಹೇಳುವ ಮೊದಲೇ, ತನ್ನ ತಲೆಗೇ ಕಟ್ಟುವುದು! ಅತ್ತೆ ಅವಳ ರಟ್ಟೆ ಹಿಡಿದು ಮೆಟ್ಟಿಲಿಳಿಸಿದಳು. ಬೀಗದ ಕೈ ಗೇಟಿನಲ್ಲಿ ಕಟಕಟ ತಿರುಗಿತು. ತೊಟ್ಟಿಗಳ ಹಬೆ ಮುಖಕ್ಕೆ ಬಡಿಯಿತು. ಆಳುಗಳು ಕೋಲು ಹಿಡಿದಂತೆಯೇ ನಿಂತರು. ನೀಲಿ ತೊಟ್ಟಿಯ ಆಚೆ ಗಂಡ, ನೆಲ ನೋಡುತ್ತ.

"ಹೊರಡು! ನಿನ್ನ ತವರಿಗೋ, ಯಾರ ಹತ್ರ ಇದನ್ನ ತಂದ್ಯೋ ಅವನ ಮನೆಗೋ..."

ಬೀದಿಯ ಬಾಗಿಲು ಕೈಯಳತೆಯಲ್ಲಿತ್ತು. ದಾಟಿದರೆ ಬಯ್ಯುವವರಿಲ್ಲ, ಆಸ್ಪತ್ರೆಗೆ ಒಬ್ಬಳೇ ಹೋಗಬಹುದು. ಆದರೆ ಬಸುರಿಯ ಮೈಗೆ ಈ ಮಾತನ್ನು ಅಂಟಿಸಿ ಬೀದಿಗೆ ತಳ್ಳಿದರೆ ನಾಳೆ ಹುಟ್ಟುವ ಕೂಸಿಗೆ ಯಾರ ಬಾಗಿಲು ತೆರೆಯುತ್ತದೆ? ಅವಳು ತಿರುಗಿ ನಿಂತು ಎರಡೂ ಅಂಗೈಗಳನ್ನು ಬಿಚ್ಚಿ, ಎಲ್ಲರಿಗೂ ಕಾಣುವಂತೆ ಮೇಲೆತ್ತಿದಳು.

"ಅತ್ತೆ... ಈ ಗೇಟಿನ ಬೀಗದ ಕೈ ಯಾರ ಸೊಂಟದಲ್ಲಿತ್ತು?"

"ಅದ್ಯಾಕೀಗ?"

"ಹೇಳಿ. ನನಗೆ ತಿಂಗಳು ನಿಂತಾಗಿಂದ ಯಾರ ಹತ್ರ ಇತ್ತು?"

"ನನ್ನ ಹತ್ರವೇ! ಒಂದು ದಿನಾನೂ ಬಿಟ್ಟಿಲ್ಲ."

"ನಾನು ತೊಟ್ಟಿ ಮುಟ್ಟಿಲ್ಲ ಅನ್ನೋಕೆ ನಿಮ್ಮ ಬೀಗವೇ ಸಾಕ್ಷಿ. ಅದೇ ಬೀಗ ಅಲ್ವಾ ಅತ್ತೆ ನನ್ನನ್ನ ಬೀದಿಗೂ ಬಿಡದೆ ಇದ್ದದ್ದು? ನಾನು ಹೋದದ್ದು ಆಸ್ಪತ್ರೆಗೆ, ನಿನ್ನೆ ಒಂದು ದಿನ ಬಿಟ್ರೆ ಹೋಗಿ ಬಂದದ್ದೆಲ್ಲ ನಿಮ್ಮ ಪಕ್ಕದಲ್ಲಿ. ತೊಟ್ಟಿ ಮುಟ್ಟದ ಕೈಗೆ, ಮೆಟ್ಟಿಲು ಇಳಿಯದ ಕಾಲಿಗೆ, ಇದು ಎಲ್ಲಿಂದ ಬಂತು? ಈ ಮನೇಲಿ ಊರೂರು ತಿರುಗೋರು ಯಾರು? ಇದ್ದಕ್ಕಿದ್ದಂತೆ ಗ್ಲೌಸು ಹಾಕ್ಕೊಂಡವರು ಯಾರು?... ನನ್ನ ಕೈ ನೋಡಿದ್ರಲ್ಲ, ಅವರ ಕೈಯನ್ನೂ ಒಮ್ಮೆ ನೋಡಿ. ಆಮೇಲೆ ಆಚೆಗೆ ಹಾಕಿ, ಹೋಗ್ತೀನಿ!"

ಕೋಲಜ್ಜ ಕೆಮ್ಮಿದ. ನಗೆಯ ಮನುಷ್ಯನ ಮುಖದಲ್ಲಿ ನಗೆಯಿರಲಿಲ್ಲ.

"ತೆಗೆಯೋ" ಎಂದಳು ಅತ್ತೆ ಮಗನಿಗೆ.

"ಅಮ್ಮಾ, ಅವಳ ಮಾತು ಕಟ್ಕೊಂಡು..."

"ತೆಗಿ ಅಂದೆ!"

ಅವನು ಕದಲಲಿಲ್ಲ. ಅತ್ತೆಯೇ ತೊಟ್ಟಿ ಸುತ್ತಿ ಹೋಗಿ ಗ್ಲೌಸಿನ ಬಾಯಿ ಹಿಡಿದು ಜಗ್ಗಿದಳು. ರಬ್ಬರು ಚಟ್ಟೆಂದು ಕಳಚಿತು. ತಿಂಗಳುಗಟ್ಟಲೆ ಬಣ್ಣ ಕಾಣದ ಕೈ, ಆ ಕಾರ್ಖಾನೆಯಲ್ಲಿ ಯಾರಿಗೂ ಇರದಷ್ಟು ಬಿಳಿಯ ಕೈ, ಹಬೆಯಲ್ಲಿ ಬೆತ್ತಲಾಗಿ ನಿಂತಿತು. ನಡು ಅಂಗೈಯಲ್ಲಿ ಮಾಸುತ್ತಿದ್ದ ತುಕ್ಕಿನ ಚುಕ್ಕೆಗಳು. ಒಂದೊಂದರ ಸುತ್ತ ತೆಳುವಾಗಿ ಸುಲಿದ ಚರ್ಮದ ಉಂಗುರ.

ಅತ್ತೆ ಬೈಯಲಿಲ್ಲ, ಹೊಡೆಯಲಿಲ್ಲ. ಆ ಕೈಯನ್ನು ಹಿಡಿದು ನೋಡುತ್ತಲೇ ಇದ್ದಳು. ನೋಡುತ್ತ ನೋಡುತ್ತ ಅವಳ ಮುಖದ ಕೋಪ ಇಳಿದುಹೋಯಿತು. ಅದರ ಜಾಗದಲ್ಲಿ ಸೊಸೆ ಎಂದೂ ಕಾಣದಂಥ ಹೆದರಿಕೆಯೊಂದು ಬಂದು ಕೂತಿತು.

"ಇದು... ಇದು ನಿಮ್ಮಪ್ಪನ ಕೈ" ಎಂದಳು ಪಿಸುಮಾತಿನಲ್ಲಿ.

"ಅಮ್ಮಾ..."

"ಅವರೂ ಒಂದು ಸಲ ಊರಿಂದ ಬಂದಾಗ ಹೀಗೇ ಇತ್ತು. ತೊಟ್ಟಿ ಕಜ್ಜಿ ಅಂದ್ರು. ನಾನೇ ಮುಲಾಮು ಹಚ್ಚಿದೆ, ನನ್ನ ಕೈಯ್ಯಾರೆ ಹಚ್ಚಿದೆ!... ಆಮೇಲೆ ನನಗೂ ಬಂತು. ನಾನು ದಿನವಿಡೀ ತೊಟ್ಟೀಲೇ ಇದ್ನಲ್ಲ, ಯಾಕೆ ಬಂತು ಅಂತ ಯಾರು ಕೇಳ್ತಾರೆ? ಕಡೀಲೂ ಇಲ್ಲ ಅದು. ಕಡೀತಿಲ್ವಲ್ಲ, ಪುಣ್ಯ ಅಂದ್ಕೊಂಡೆ. ಆಮೇಲೆ ನನ್ನ ಮಕ್ಕಳು... ಅಯ್ಯೋ, ನನ್ನ ಮಕ್ಕಳು ಕಣೋ!..."

ಅವಳು ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತಳು. ಇಷ್ಟು ವರ್ಷ ಯಾವ ತೊಟ್ಟಿಯನ್ನು ಶಪಿಸುತ್ತ ಬಂದಿದ್ದಳೋ ಅದರ ಕಟ್ಟೆಯ ಮೇಲೆಯೇ. ಸೊಸೆಗೆ ಒಮ್ಮೆಗೇ ಎಲ್ಲ ಅರ್ಥವಾಯಿತು. ಈ ಮನೆಯ ಗಂಡಸರು ತಂದದ್ದನ್ನು ಈ ಮನೆಯ ಹೆಂಗಸರು ಹೊತ್ತರು, ಹೆತ್ತರು, ಮಣ್ಣು ಮಾಡಿದರು. ಬೈಗುಳ ಮಾತ್ರ ಮೂಕ ತೊಟ್ಟಿಗೆ ಬಿತ್ತು!

ಅತ್ತೆ ಎದ್ದಳು. ಕಣ್ಣೊರೆಸಿಕೊಳ್ಳಲೂ ಇಲ್ಲ.

"ಒಲೆ ಆರಿಸಿ!"

"ಅಮ್ಮಾವ್ರೇ, ಕೆಂಪು ಈಗ ಅರ್ಧ ಹತ್ತಿದೆ" ಎಂದ ಕೋಲಜ್ಜ. "ನಿಲ್ಲಿಸಿದ್ರೆ ಲಡಿಯೆಲ್ಲ ಹಾಳಾಗುತ್ತೆ."

"ಹಾಳಾಗ್ಲಿ. ಆರಿಸು ಅಂದೆ!"

ಮಾವ ಸತ್ತ ದಿನವೂ ಆರದ ಒಲೆ ಅಂದು ಆರಿತು. ಅತ್ತೆ ಒಂದು ಕೈಯಲ್ಲಿ ಮಗನ ಮಣಿಕಟ್ಟು ಹಿಡಿದಳು, ಇನ್ನೊಂದನ್ನು ಸೊಸೆಯತ್ತ ಚಾಚಿದಳು. ಸೊಸೆ ಹಿಂಜರಿದಳು. ಈಗತಾನೇ ತನ್ನನ್ನು ಬೀದಿಗೆ ತಳ್ಳಲು ಬಂದ ಕೈ ಅದು.

"ಆಮೇಲೆ ನನ್ನನ್ನ ಬೈಯೇ, ಎಷ್ಟು ಬೇಕಾದ್ರೂ ಬೈ" ಎಂದಳು ಅತ್ತೆ. "ಈಗ ಬಾ. ತಡ ಆಗುತ್ತೆ."

ರಕ್ತ ಹೌದೆಂದಿತು. ಸೂಜಿ ದಪ್ಪಗಿತ್ತು, ಸೊಂಟದಲ್ಲಿ ಸೀಸ ಸುರಿದಂತೆ ನೋವಾಯಿತು. ಸೊಸೆ ಅತ್ತೆಯ ಕೈಯನ್ನು ಉಗುರೂರಿ ಹಿಡಿದಿದ್ದಳು. ಪಕ್ಕದ ಪರದೆಯ ಆಚೆ ಗಂಡನ ನರಳಾಟ ಕೇಳಿಸಿತು. ಆಮೇಲೆ ಅವನು ಮೆಲ್ಲಗೆ ಹತ್ತಿರ ಬಂದು ನಿಂತು, "ನನ್ನನ್ನ ಕ್ಷಮಿಸೇ..." ಎಂದ.

"ಉಳಿದ ಸೂಜಿಗೂ ಬನ್ನಿ" ಎಂದಳು ಅವಳು, ಗೋಡೆಯ ಕಡೆ ತಿರುಗಿಕೊಂಡು. "ಕೂಸು ಹುಟ್ಟಲಿ. ಕ್ಷಮೆ ಅದಾದ ಮೇಲೆ ಯೋಚಿಸೋಣ."

ಹೊರಡುವ ಮುನ್ನ ಅತ್ತೆ ಡಾಕ್ಟರಮ್ಮನ ಮೇಜಿನ ಮೇಲೆ ತನ್ನ ತೋಳು ಚಾಚಿದಳು. ನೀಲಿ ಹತ್ತಿದ, ಸುಕ್ಕುಗಟ್ಟಿದ ತೋಳು.

"ನನ್ನದೂ ತಗೊಳ್ಳಿ."

"ತಗೋತೀನಿ ಅಮ್ಮ. ಕಾಯಿಲೆ ಇನ್ನೂ ಉಳಿದಿದ್ರೆ ನಿಮಗೂ ಔಷಧಿ ಬೇಕು. ಆದ್ರೆ ಆ ಮಕ್ಕಳು ಇದರಿಂದಲೇ ಹೋದವು ಅಂತ ಈಗ ಯಾರೂ ಖಚಿತವಾಗಿ ಹೇಳೋಕಾಗಲ್ಲ."

"ಬೇಡ, ಹೇಳೋದು ಬೇಡ. ಕೇಳಿ, ಅಷ್ಟೇ. ಇಷ್ಟು ವರ್ಷ ಯಾರೂ ನನ್ನ ರಕ್ತವನ್ನ ಏನೂ ಕೇಳಲಿಲ್ಲ."

ಅವಳ ರಕ್ತದಲ್ಲೂ ಗುರುತಿತ್ತು. ಅತ್ತೆ ಸೊಸೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಸೂಜಿ ಹಾಕಿಸಿಕೊಂಡು ಬಂದರು. ಚುಕ್ಕೆಗಳು ಮಾಸಿದವು. ಭಯ ಮಾಸಲಿಲ್ಲ. ಕೂಸು ಸ್ವಲ್ಪ ಹೊತ್ತು ಮಿಸುಕದಿದ್ದರೆ ಸೊಸೆಯ ಜೀವ ಬಾಯಿಗೆ ಬರುತ್ತಿತ್ತು; ಅತ್ತೆ ತೊಟ್ಟಿಯ ಬಳಿಯಿಂದ ಮೆಟ್ಟಿಲು ಹತ್ತಿ ಓಡಿಬಂದು ಹೊಟ್ಟೆಗೆ ಕಿವಿಯಿಟ್ಟು ಕೂರುತ್ತಿದ್ದಳು. ಮೆಟ್ಟಿಲ ಬುಡದ ಗೇಟಿಗೆ ಮತ್ತೆ ಬೀಗ ಬೀಳಲಿಲ್ಲ. ಮುಲಾಮಿನ ಡಬ್ಬಿಯನ್ನು ಅತ್ತೆ ಎಸೆಯಲಿಲ್ಲ, ಆದರೆ ಅದನ್ನು ಕೇಳಿಕೊಂಡು ಬಂದ ಆಳುಗಳನ್ನೆಲ್ಲ ನಿಲ್ಲಿಸಿ, "ಕಡಿಯುತ್ತೋ ಇಲ್ವೋ? ಕಾಲು ತೋರಿಸು" ಎಂದು ಕೇಳತೊಡಗಿದಳು. ಕೆಲವರು ನಾಚಿಕೊಂಡರು, ಕೆಲವರು ಕೆಲಸ ಬಿಡುತ್ತೇವೆ ಎಂದರು. "ಬಿಡಿ. ಹೆಂಡ್ತೀರನ್ನ ಮಾತ್ರ ಆಸ್ಪತ್ರೆಗೆ ಕಳಿಸಿ" ಎಂದಳು.

ಕೂಸು ಅಳುತ್ತಲೇ ಹುಟ್ಟಿತು. ಹೆಣ್ಣು. ಆ ಅಳುವಿನ ಸದ್ದಿಗೆ ಸೊಸೆಯೂ ಅತ್ತಳು. ಡಾಕ್ಟರಮ್ಮ ಕಣ್ಣು, ಮೂಗು, ಮೈಯೆಲ್ಲ ನೋಡಿ, ಹಿಮ್ಮಡಿಯಿಂದ ರಕ್ತ ತೆಗೆದುಕೊಂಡು, "ನೋಡೋಕೆ ಚೆನ್ನಾಗಿದಾಳೆ. ರಕ್ತವನ್ನ ಮತ್ತೆ ಮತ್ತೆ ನೋಡ್ತಾ ಇರಬೇಕು" ಎಂದರು. ಗಂಡ ಬರಿಗೈಯಲ್ಲಿ ಬಾಗಿಲಾಚೆ ನಿಂತಿದ್ದ. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ.

ಅತ್ತೆ ಮಂಚದ ಅಂಚಿನಲ್ಲಿ ಕೂತು ಕೂಸನ್ನು ಮಡಿಲಿಗೆ ತೆಗೆದುಕೊಂಡಳು. ಪುಟ್ಟ ಅಂಗಾಲುಗಳನ್ನು ತಿರುಗಿಸಿ ನೋಡಿದಳು. ಆಮೇಲೆ ಬಿಗಿದ ಮುಷ್ಟಿಯ ಬಳಿ ತನ್ನ ನೀಲಿ ಬೆರಳನ್ನು ತಂದು ಹಾಗೆಯೇ ನಿಲ್ಲಿಸಿದಳು. ಎಷ್ಟೋ ಮುಷ್ಟಿಗಳನ್ನು ಬಲವಂತವಾಗಿ ಬಿಡಿಸಿದ್ದ ಕೈ, ಈಗ ಮುಟ್ಟಲು ಧೈರ್ಯ ಸಾಲದೆ ತಡೆದಿತ್ತು. ಬಾಗಿ, ಮುಷ್ಟಿಯ ಮೇಲೆ ಮೆಲ್ಲನೆ ಊದಿದಳು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

ಎಳೆಗೆಂಪು. ಎಲ್ಲೂ ಒಂದು ಚುಕ್ಕೆಯಿಲ್ಲ.

"ಆ ಎರಡರ ಕೈ ನಾನು ಬಿಚ್ಚಿ ನೋಡಲೇ ಇಲ್ಲ ಕಣೇ..." ಎಂದಳು ಅತ್ತೆ. "ಬಟ್ಟೆ ಸುತ್ತಿ ತಗೊಂಡು ಹೋಗಿಬಿಟ್ರು. ಒಂದು ಸಲ ತೋರಿಸಿ ಅಂತ ಕೇಳೋಕೂ ನನಗೆ ಬಾಯಿ ಬರಲಿಲ್ಲ..."

ಸೊಸೆ ದಿಂಬಿನಿಂದ ಕತ್ತೆತ್ತಿ, ಅತ್ತೆಯ ಮೊಣಕೈಯನ್ನು ಮುಟ್ಟಿದಳು.

"ಇನ್ನೊಂದು ಕೈಯೂ ಇದೆಯಲ್ಲ ಅತ್ತೆ... ಅದನ್ನೂ ನೋಡಿ. ನಿಧಾನಕ್ಕೆ."